ಬದಲಿಸದೇ ಉಳಿದ ಒಂದು ಸಾಲು

"ನಿಮ್ಮಪ್ಪನ ಎಡಗಾಲಿನ ಚಪ್ಪಲಿ ಸಿಕ್ಕಿದೆಯಂತೆ..."

ಬಾಗಿಲಲ್ಲಿ ನಿಂತ ಅಪರಿಚಿತನ ಮೊದಲ ಮಾತೇ ಇದು. ಅವಳು ಬಾಗಿಲನ್ನು ಅರ್ಧಕ್ಕೇ ಹಿಡಿದು ನಿಂತಳು.

ಅಪ್ಪ ಕಾಣೆಯಾಗಿ ಎರಡು ದಿನ. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದ ಮನುಷ್ಯ, ಈಗ ಮಗಳ ಹೆಸರನ್ನೇ ಮರೆತವರು. ಆಸ್ಪತ್ರೆ, ಬಸ್ ನಿಲ್ದಾಣ, ಪೊಲೀಸ್ ಠಾಣೆ... ಎಲ್ಲೂ ಸುಳಿವಿಲ್ಲ.

'ಚಪ್ಪಲಿ ವಿಷಯ ನನಗೇ ಗೊತ್ತಿಲ್ಲ. ಇವನಿಗೆ ಹೇಗೆ ಗೊತ್ತು? ಇವನೇ ಏನಾದರೂ...'

"ಅಪ್ಪನ್ನ ಏನು ಮಾಡಿದ್ರಿ?" ಕೈಗೆ ಸಿಕ್ಕ ಛತ್ರಿಯನ್ನೇ ಎತ್ತಿ ಹಿಡಿದಳು.

"ಅಯ್ಯೋ, ಛತ್ರಿ ಇಳಿಸಿ! ಅಪ್ಪನ್ನ ಹುಡುಕೋಕೆ ನೀವು ಮಾಡಿದ ವೆಬ್‌ಸೈಟಿಗೆ ಬಂದ ಮೆಸೇಜೆಲ್ಲ ನನಗೆ ಬಂದಿವೆ. ಹನ್ನೊಂದು!"

"ಸುಳ್ಳು! ಒಂದೂ ಬಂದಿಲ್ಲ!"

"ನಿಮಗೆ ಹೇಗೆ ಬರುತ್ತೆ? ಸೆಟ್ಟಿಂಗ್ಸ್ ಫೈಲ್ ತೆಗೀರಿ. ಕೊನೇ ಸಾಲು ನೋಡಿ."

ಛತ್ರಿ ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದಳು.

ವೆಬ್‌ಸೈಟ್ ಕಟ್ಟುವುದೇ ಅವಳ ಕೆಲಸ. ಆದರೆ ಅಪ್ಪ ಕಾಣೆಯಾದ ದಿನ ಮೊದಲಿಂದ ಕಟ್ಟಲು ಪುರುಸೊತ್ತೆಲ್ಲಿ? ಯಾರೋ ಮಾಡಿಟ್ಟಿದ್ದ ಸಿದ್ಧ ಮಾದರಿಯೊಂದನ್ನು, ಅಂದರೆ ಸ್ಟಾರ್ಟರ್ ಟೆಂಪ್ಲೇಟನ್ನು, ಇಂಟರ್ನೆಟ್ಟಿನಿಂದ ಇಳಿಸಿಕೊಂಡಳು. ಒಂದೇ ಕಮಾಂಡ್ ಕೊಟ್ಟರೆ ಪುಟ, ಫಾರ್ಮ್, ಬಟನ್ ಎಲ್ಲ ತಯಾರು! ಮಾದರಿ ಚಿತ್ರ ತೆಗೆದು ಅಪ್ಪನ ಫೋಟೊ ಹಾಕಿದಳು. 'ಸ್ವಾಗತ' ಅಳಿಸಿ 'ಕಾಣೆಯಾಗಿದ್ದಾರೆ' ಎಂದು ಬರೆದಳು. ಮನೆ ವಿಳಾಸ ಕೊಟ್ಟಳು. 'ಕಂಡರೆ ತಿಳಿಸಿ' ಎಂಬ ಫಾರ್ಮಿನ ಸಂದೇಶ ಯಾರಿಗೆ ಹೋಗಬೇಕು ಎನ್ನುವ ಸಾಲನ್ನು ಮಾತ್ರ ಮುಟ್ಟಲೇ ಇಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿದರೇ? ಅಲ್ಲಿ ಟೆಂಪ್ಲೇಟ್ ಮಾಡಿದವನ ಇಮೇಲ್ ಹಾಗೇ ಕೂತಿತ್ತು. ಆ ಮಹಾಶಯನೇ ಈಗ ಬಾಗಿಲಲ್ಲಿ ಬೆವರುತ್ತಾ ನಿಂತಿದ್ದ.

"ಅಂದ್ರೆ... ಜನ ಅಪ್ಪನ್ನ ನೋಡಿದ್ದಾರೆ. ನನ್ನ ತಪ್ಪಿನಿಂದಲೇ ಗೊತ್ತಾಗಲಿಲ್ಲ..."

"ತಪ್ಪು ನಂದೂ ಇದೆ. ಹೀಗೆ ದಾರಿ ತಪ್ಪಿ ಬರೋ ಮೆಸೇಜನ್ನ ವಾರಕ್ಕೊಮ್ಮೆ ನೋಡ್ತೀನಿ. ಇವತ್ತು ಬೆಳಿಗ್ಗೆ ನೋಡಿದ ಕೂಡಲೇ ಸ್ಕೂಟರ್ ಹತ್ತಿದೆ."

"ಕೊನೇ ಮೆಸೇಜಲ್ಲಿ ಏನಿದೆ?"

ಅವನು ಫೋನ್ ತೆಗೆದು ಓದಿದ. "'ಕಾಲುವೆ ದಂಡೆಯಲ್ಲಿ ಎಡಗಾಲಿನ ಚಪ್ಪಲಿ ಬಿದ್ದಿದೆ. ಮನುಷ್ಯ ಕಾಣಲಿಲ್ಲ.'"

ಇಬ್ಬರೂ ಅವನ ಸ್ಕೂಟರಿನಲ್ಲೇ ಕಾಲುವೆಯತ್ತ ಹೊರಟರು.

ಕಾಲುವೆಯ ನೀರು ಕಪ್ಪಗೆ, ಸದ್ದಿಲ್ಲದೆ, ದಂಡೆಯ ಅಂಚಿನವರೆಗೂ ತುಂಬಿ ಹರಿಯುತ್ತಿತ್ತು. ಚಪ್ಪಲಿ ನೀರಿನ ಕಡೆಗೇ ಮುಖ ಮಾಡಿತ್ತು. ಅವಳು ನೀರಿಗೆ ಇಳಿಯಹೋದಳು. ಅವನು ಹಿಡಿದುಕೊಂಡ.

"ತಡೀರಿ... ನಾಲ್ಕು ಜನ ಒಂದೇ ಮಾತು ಬರೆದಿದ್ದಾರೆ. ಕಂಡಕಂಡವರ ಹತ್ರ ಗಂಟೆ ಎಷ್ಟು ಅಂತ ಕೇಳ್ತಿದ್ರಂತೆ. ಇಲ್ಲೆಲ್ಲಾದ್ರೂ ಗಡಿಯಾರ ಇದೆಯಾ?"

ಅವಳು ತಲೆಯೆತ್ತಿದಳು. ಆಚೆ ದಡದಲ್ಲಿ ಪಾಳುಬಿದ್ದ ಪಂಪ್‌ಹೌಸ್. ಅದರ ಗೋಡೆಯಲ್ಲಿ ಎಂದೋ ನಿಂತುಹೋದ ದೊಡ್ಡ ಗಡಿಯಾರ!

ಇಬ್ಬರೂ ಸೇತುವೆ ದಾಟಿ ಓಡಿದರು. ಗಡಿಯಾರದ ಕೆಳಗೇ ಅಪ್ಪ ಬಿದ್ದಿದ್ದರು. ಒದ್ದೆ ಬಟ್ಟೆ, ನೀಲಿಗಟ್ಟಿದ ತುಟಿ... ಆದರೆ ಉಸಿರಿತ್ತು.

"ಅಪ್ಪಾ!"

ಅವರು ಮಗಳನ್ನು ಗುರುತಿಸಲಿಲ್ಲ. ಅವನನ್ನು ನೋಡಿ ಕ್ಷೀಣವಾಗಿ ನಕ್ಕರು. "ಬಂದ್ರಾ ಅಳಿಯಂದ್ರೇ? ಎಷ್ಟು ಹೊತ್ತು ಕಾಯೋದು!"

ಕೆಲವು ದಿನ ಆಸ್ಪತ್ರೆಯಲ್ಲಿದ್ದು ಅಪ್ಪ ಮನೆಗೆ ಬಂದರು. ಅವರನ್ನು ನೋಡುವ ನೆಪದಲ್ಲಿ ಅವನು ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ ಬಂದ. 'ಇವನು ಅಪ್ಪನಿಗೋಸ್ಕರ ಬರ್ತಾನಾ, ನನಗೋಸ್ಕರನಾ?' ಕೇಳಲು ಅವಳಿಗೆ ಭಯ.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. "ಮತ್ತೆ ಹೋಗ್ತಾರೆ, ಹುಷಾರು" ಎಂದಿದ್ದರು ಡಾಕ್ಟರು. ಹಾಗಾಗಿ ವೆಬ್‌ಸೈಟನ್ನು ಅಳಿಸಿರಲಿಲ್ಲ. ಒಂದು ಮಧ್ಯಾಹ್ನ ಅವನೆದುರೇ ಸೆಟ್ಟಿಂಗ್ಸ್ ಫೈಲ್ ತೆರೆದು, ಅವನ ಇಮೇಲ್ ಪಕ್ಕದಲ್ಲಿ ತನ್ನದನ್ನೂ ಸೇರಿಸಿದಳು.

"ನಂದನ್ನ ಅಳಿಸಲ್ವಾ?"

"ಎರಡೂ ಇರಲಿ..."

ಅಷ್ಟರಲ್ಲಿ ಚಿಲಕದ ಸದ್ದು! ಇಬ್ಬರೂ ಒಟ್ಟಿಗೇ ಓಡಿದರು. ಅಪ್ಪ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗಪ್ಪಾ?"

"ಅಳಿಯಂದ್ರು ಹೊರಟ್ರಲ್ಲಮ್ಮಾ... ಬಸ್ ಹತ್ತಿಸಿ ಬರ್ತೀನಿ."

ಅವಳ ಕಣ್ಣು ತುಂಬಿತು. "ಅವರು ಎಲ್ಲಿಗೂ ಹೋಗಲ್ಲಪ್ಪಾ. ಇಲ್ಲೇ ಇರ್ತಾರೆ." ಅವನತ್ತ ತಿರುಗಿದಳು. "ಇರ್ತೀರಲ್ವಾ?"

ಅವನು ಬಗ್ಗಿ ಅಪ್ಪನ ಚಪ್ಪಲಿ ಬಿಚ್ಚುತ್ತಾ ಹೇಳಿದ, "ನೀನು ಹೋಗು ಅಂದ್ರೂ ಹೋಗಲ್ಲ."