ಮೈಕಿನ ಮುಂದೆ ಗುರುದೇವಿ

"ನನ್ನ ಮರತುಬಿಡು" ಎಂದು ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಶನ್ನಿನಲ್ಲಿ ಭೀಮಾಶಂಕರ ಹೇಳಿದಾಗ, ಅವನಿಗೆ ಬೇರೆ ಹುಡುಗಿ ಸಿಕ್ಕಿದ್ದಾಳೆಂದೇ ಗುರುದೇವಿ ತಿಳಿದಳು. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುತ್ತ ಮೂರು ದಿನ ಅವನನ್ನು ಮನಸ್ಸಿನಲ್ಲೇ ಬೈದಳು. ನಾಲ್ಕನೆಯ ದಿನ, ಅವನ ಜೊತೆ ಟೈಲ್ಸ್ ಹಾಕುವ ಬಸು ಫೋನು ಮಾಡಿ ನಿಜ ಹೇಳಿದ. ಶಂಕರನ ಹೃದಯದಲ್ಲಿ ಗಡ್ಡೆ ಕಂಡಿದೆ. ಅದು ಎಂಥದ್ದೆಂದು ತಿಳಿಯಲು ಇವತ್ತು ಎಂಆರ್‌ಐ.

ಅವಳು ಆಸ್ಪತ್ರೆ ಮುಟ್ಟಿದಾಗ ಅವನು ಆಗಲೇ ಯಂತ್ರದೊಳಗಿದ್ದ. ಟೆಕ್ನಿಷಿಯನ್ ಹುಡುಗಿ ಹೊರಬಂದು ಹಿಂದಿಯಲ್ಲಿ ಕೇಳಿದಳು: "ಭೀಮಾಶಂಕರ ಅವರ ಕಡೆಯವರು ಯಾರು? ಗಾಬರಿಯಿಂದ ಉಸಿರು ಹಿಡೀತಿಲ್ಲ, ಚಿತ್ರ ಮಸುಕಾಗ್ತಿದೆ. ಅವರ ಭಾಷೆಯಲ್ಲಿ ಹೇಳೋರು ಬೇಕು. ನೀವು ಅವರಿಗೆ ಏನಾಗಬೇಕು?"

ಗುರುದೇವಿ ಮುಂದೆ ಬಂದಳು. "ಅವರನ್ನ ಲಗ್ನ ಆಗಾಕಿ."

ಗಾಜಿನ ಈಚೆ, ಮೈಕಿನ ಮುಂದೆ ಅವಳನ್ನು ಕೂಡಿಸಿದರು.

"ಶಂಕರ, ಉಸರು ತಗೋ."

ಪರದೆಯ ಮೂಲೆಯ ಅಂಕಿ ಎಂಬತ್ತರಿಂದ ನೂರಕ್ಕೆ ಏರಿತು. ಟೆಕ್ನಿಷಿಯನ್ ನಕ್ಕಳು. "ನಿಮ್ಮ ದನಿಗೇ ಅವರ ಎದೆಬಡಿತ ಹೆಚ್ಚಾಯ್ತು. ಮೆಲ್ಲಗೆ ಮಾತಾಡಿ."

"ಅಂಜಬ್ಯಾಡ. ನನಗ ಎಲ್ಲಾ ಗೊತ್ತಾಗೇತಿ. ಜಗಳ ಹೊರಗ ಬಂದ ಮ್ಯಾಲೆ ಆಡೂಣು. ಈಗ ಉಸರು ಹಿಡಿ."

ಅವನು ಹಿಡಿದ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅವನ ಹೃದಯ ಮೂಡಿತು. ಕಪ್ಪು ಬಿಳುಪಿನಲ್ಲಿ, ಮುಷ್ಟಿಯಷ್ಟು, ಮುದುಡುತ್ತ ಅರಳುತ್ತ. ಗೋಡೆಗೆ ಅಂಟಿದ ಬಿಳಿ ಗಡ್ಡೆಯೂ ಅದರ ಜೊತೆ ತೂಗುತ್ತಿತ್ತು. ಅದನ್ನೇ ನೋಡುತ್ತ ಗುರುದೇವಿ ಮುಂದಿನ ಮಾತು ಮರೆತಳು. ಟೆಕ್ನಿಷಿಯನ್ ಅವಳ ಭುಜ ಮುಟ್ಟಬೇಕಾಯಿತು.

ಮಧ್ಯಾಹ್ನ ಡಾಕ್ಟರು ಇಬ್ಬರನ್ನೂ ಕರೆದರು. ಕೊಬ್ಬಿನ ಹೊಳಪು ಅಳಿಸಿ ತೆಗೆದ ಚಿತ್ರದಲ್ಲಿ ಗಡ್ಡೆ ಪೂರಾ ಕಪ್ಪಾಗಿತ್ತು. "ಬರೀ ಕೊಬ್ಬಿನ ಗಡ್ಡೆ, ಕ್ಯಾನ್ಸರ್ ಅಲ್ಲ. ಆರು ತಿಂಗಳಿಗೊಮ್ಮೆ ನೋಡ್ತಾ ಇರೋಣ."

ಹೊರಗಿನ ಬೆಂಚಿನಲ್ಲಿ ಶಂಕರ ತಲೆ ತಗ್ಗಿಸಿ ಕೂತ. "ಸಾಯಾಂವಗ ನಿನ್ನ ಯಾಕ ಗಂಟು ಹಾಕಬೇಕು ಅಂತ ಹಂಗ ಅಂದೆ."

"ನಾ ನಿನ್ನ ಹೃದಯ ನೋಡೀನಿ ಶಂಕರ. ನೀ ಸುಮ್ನ ಮಲಗಿದ್ದಿ, ಅದು ದುಡಿಯಾಕತ್ತಿತ್ತು. ಹುಟ್ಟಿದಾಗಿಂದ ಒಂದ ದಿನಾನೂ ಸೂಟಿ ತಗೊಂಡಿಲ್ಲ." ಅವಳ ದನಿ ಇಳಿಯಿತು. "ಅಷ್ಟು ಚಂದಂದು ನಾ ಏನೂ ನೋಡಿದ್ದಿಲ್ಲ."

ಅವನು ಅವಳ ಕಡೆ ನೋಡಿದ.

"ರವಿವಾರ ನಿಮ್ಮಪ್ಪನ್ನ ಮಾತಾಡ್ಸಾಕ ಬರ್ತೀನಿ."

"ರವಿವಾರ ಯಾಕ?" ಗುರುದೇವಿ ಎದ್ದು ಕೈ ಚಾಚಿದಳು. "ಇವತ್ತ ಮನ್ಯಾಗ ಅದಾನ. ನಡಿ."