ಬಾಯಿ ಕಟ್ಟಿದ ಸೈರನ್

ತೋಟದ ಆಳು ಬೋರಯ್ಯನ ಹೆಣ ಸಿಕ್ಕಿದ್ದು ಸೈರನ್ ಕಂಬದಿಂದ ಇಪ್ಪತ್ತೇ ಹೆಜ್ಜೆ ಆಚೆ. ಬುತ್ತಿ ಡಬ್ಬಿ ಕಾಫಿ ಗಿಡದ ಬುಡದಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಸುತ್ತಲೂ ಆನೆಗಳ ಹೆಜ್ಜೆ. ಬೆಳಗಿನ ಆರೂವರೆ, ಮಂಜು ಇನ್ನೂ ಸರಿದಿರಲಿಲ್ಲ.

ಆನೆ ಬಂದರೆ ನೆಲದ ಅದುರು ಹಿಡಿದು ಕೂಗಬೇಕಾದ ಸೈರನ್ ಅಂದು ಕೂಗಿರಲಿಲ್ಲ.

ಬೆಳಗೋಡಿನ ಆಚೆಗಿದ್ದ ಆ ಎಸ್ಟೇಟಿನಲ್ಲಿ ಅದು ಹೀಗೆ ಮೂಕವಾಗಿದ್ದು ಮೂರನೇ ಸಲ. ಹಿಂದಿನೆರಡು ಸಲ ಯಾರೂ ಎದುರಾಗಿರಲಿಲ್ಲ, ಅಷ್ಟೆ. ಯಾರೋ ಮಂತ್ರ ಹಾಕಿ ಬಾಯಿ ಕಟ್ಟಿದ್ದಾರೆ ಎಂದು ಕೂಲಿ ಲೈನಿನ ಹೆಂಗಸರು ಕಂಬಕ್ಕೆ ನಿಂಬೆಹಣ್ಣು ಕಟ್ಟಿದರು. ಆ ದಾರಿಯಲ್ಲಿ ಒಬ್ಬೊಬ್ಬರೇ ಓಡಾಡುವುದನ್ನೂ ಬಿಟ್ಟರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಹಾದೇವಯ್ಯನಿಗೆ ಮಾಟಮಂತ್ರದಲ್ಲಿ ನಂಬಿಕೆ ಇರಲಿಲ್ಲ. ಸೈರನ್ ಪೆಟ್ಟಿಗೆಯ ಕೀಲಿ ಇದ್ದದ್ದು ಒಬ್ಬನ ಬಳಿ: ಕಾವಲಿನ ನಂಜುಂಡ. ಸತ್ತವನ ಹೆಂಡತಿ ಈರಮ್ಮನ ಒಡಹುಟ್ಟಿದ ತಮ್ಮ. ಸೈರನ್ ಕೂಗಿದರೆ ಹಸು ಹಾಲು ಬಿಡುವುದಿಲ್ಲ ಎಂದು ಗೊಣಗಿದ್ದವನೂ ಅವನೇ. ಸೋಮವಾರ ಅವನ ಮೇಲೆ ಪೊಲೀಸರಿಗೆ ದೂರು ಹೋಗುವುದಿತ್ತು. ಹನ್ನೊಂದು ದಿನದಿಂದ ಈರಮ್ಮ ತಮ್ಮನ ಮುಖ ನೋಡಿರಲಿಲ್ಲ. ಅತ್ತೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಸಕಲೇಶಪುರದಿಂದ ರಿಪೇರಿ ಅಂಗಡಿಯ ನಸ್ರುಲ್ಲಾ ಬಂದ. ನಂಜುಂಡನೇ ಗೋಗರೆದು ಕರೆಸಿದ್ದ. ಜೊತೆಗೆ ಅಂಗಡಿಯಲ್ಲಿ ಫೋನ್ ಬಿಚ್ಚಿ ಕೂಡಿಸುವ ತಂಗಿಯ ಮಗಳು ಶಾಹೀನ್. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ನಾಲ್ಕು ಜನರನ್ನು ಕಂಡರೆ ಮಾತು ಗಂಟಲಲ್ಲೇ ಇಂಗಿಹೋಗುತ್ತಿತ್ತು. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ.

ಪೆಟ್ಟಿಗೆ ತಯಾರಿಸಿದ ಆಲೂರಿನ ಮಹೇಶ್ ಆಗಲೇ ಲ್ಯಾಪ್‌ಟಾಪ್ ಬಿಚ್ಚಿ ಕುಳಿತಿದ್ದ.

“ನೋಡಿ ಸಾಯ್ಬ್ರೆ, ಯಂತ್ರ ತಾನು ಮಾಡಿದ್ದನ್ನೆಲ್ಲ ಬರ್ಕೊಳ್ತದೆ. ಆವತ್ತಿನ ಕೊನೇ ಸಾಲು ಇದು: ‘ಹೆಜ್ಜೆ ಒಂದು, ಸಮಯ ಆ’. ಅಷ್ಟೇ. ಸಾಲಿನ ಮಧ್ಯೆ ಕಟ್. ಯಾರೋ ಆರಿಸಿದ್ದಾರೆ.”

“ನಾನು ಬಂದು, ಇವನ ಹತ್ರ ಕೀಲಿ ಇಸ್ಕೊಂಡು ಗುಂಡಿ ಒತ್ತಿದ್ಮೇಲೆ ಚಾಲೂ ಆಯ್ತು,” ಎಂದ ಮಹಾದೇವಯ್ಯ. “ಕೆಟ್ಟಿದ್ರೆ ಚಾಲೂ ಆಗ್ತಿತ್ತಾ?”

“ನಾನು ಮುಟ್ಟಿಲ್ಲ ಸ್ವಾಮಿ!” ನಂಜುಂಡನ ದನಿ ಒಡೆಯಿತು. “ನಾನು ಮೇಲಿನ ಗೇಟಲ್ಲಿದ್ದೆ. ನಮ್ಮಕ್ಕನ ತಾಳಿಗೆ ನಾನೇ ಕೈ ಹಾಕ್ತೀನಾ?”

ಶಾಹೀನ್ ದುಪಟ್ಟಾದ ತುದಿ ತಿರುಚುತ್ತ ನಿಂತಿದ್ದಳು. ಮಹೇಶನಿಗೆ ಮಾತ್ರ ಕೇಳುವಂತೆ, “ಹಿಂದಿನೆರಡು ಸಲನೂ ಅರ್ಧ ಸಾಲೇನಾ, ಸಾರ್?” ಎಂದಳು.

“ಹೂಂ.”

“ಒಂದು ಸಾಲು ಬರಿಯೋಕೆ ಎಷ್ಟು ಹೊತ್ತು?”

“ಅರೆ ಸೆಕೆಂಡು.”

“ಮೂರು ಸಲನೂ ಸರಿಯಾಗಿ ಆ ಅರೆ ಸೆಕೆಂಡಲ್ಲೇ ಆರಿಸಿದ್ರಾ?”

ಮಹೇಶ್ ಹಿಂದಿನ ಸಾಲುಗಳನ್ನು ಮತ್ತೆ ತೆರೆದ.

ಶಾಹೀನಳ ಕಣ್ಣು ಆಗಿನಿಂದ ಕಂಬದ ಕಡೆಗೇ ಇತ್ತು. ಅಲ್ಲಿ ಈರಮ್ಮ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತಿದ್ದಳು, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ.

“ಏನು ನೋಡ್ತಿದ್ದೀರಿ, ಅಕ್ಕ?”

“ಆವತ್ತು ಇದು ಬೆಚ್ಚಗಿತ್ತು ಕಣವ್ವ. ಮೈ ಇದ್ದಂಗೆ.” ಈರಮ್ಮ ತಿರುಗಲಿಲ್ಲ. “ಅವ್ರ ಜೀವ ಇದ್ರೊಳಗೆ ಹೊಕ್ಕಂಡೈತೆ ಅನ್ಕಂಡೆ. ದಿನಾ ಬಂದು ಮುಟ್ತೀನಿ. ಮತ್ತೆ ಬೆಚ್ಚಗಾಗ್ಲೇ ಇಲ್ಲ.”

“ಪಾಪ, ದುಃಖದಲ್ಲಿ ಏನೇನೋ ಅಂತಾಳೆ,” ಎಂದ ಮಹಾದೇವಯ್ಯ.

“ನೀವು ಮುಟ್ಟಿದ್ದು ರೈಟ್ರು ಬಂದ ಮೇಲಾ, ಅಕ್ಕ?”

“ಮುಂಚೆ. ಹೆಣ ಎತ್ತೋಕೂ ಮುಂಚೆ.”

“ಬಿಸಿಲಿತ್ತಾ?”

“ಎಲ್ಲಿಯ ಬಿಸ್ಲು? ಕೈ ಸೆಟೆಯೋ ಚಳಿ.”

ಶಾಹೀನ್ ಮಾಮನ ಕಿವಿಯಲ್ಲಿ ಏನೋ ಹೇಳಿದಳು. ನಸ್ರುಲ್ಲಾ ಹುಬ್ಬು ಹಾರಿಸಿದ.

“ಲೈನಲ್ಲಿ ಒನಕೆ ಎಷ್ಟವೆ? ಎಲ್ಲಾ ತನ್ನಿ. ರೈಟ್ರೇ, ಪೆಟ್ಟಿಗೆ ಕೀಲಿ ನಿಮ್ಮ ಜೇಬಲ್ಲಿರ್ಲಿ. ನಂಜುಂಡ, ನೀನು ದೂರ ನಿಲ್ಲು. ಈರಮ್ಮ, ನೀವೂ ಈಚೆ ಬನ್ನಿ.”

ನಾಲ್ಕು ಒನಕೆ ಬಂದವು. ನೆಲದಲ್ಲಿ ಹುಗಿದಿದ್ದ ಅದುರುಗ್ರಾಹಕದ ಮೇಲೆ ಲೈನಿನ ಸುಲೋಚನಮ್ಮ ಒಬ್ಬಳೇ ಮೊದಲು ಕುಟ್ಟಿದಳು. ನಿಧಾನವಾಗಿ. ಒಂದು. ಎರಡು. ಮೂರು...

ಸೈರನ್ ಊಳಿಟ್ಟಿತು. ನಾಯಿಗಳು ದಿಕ್ಕಾಪಾಲಾದವು.

“ಒಂಟಿ ಆನೆ,” ಎಂದಳು ಶಾಹೀನ್. “ಈಗ ಹಿಂಡು.”

ನಾಲ್ವರೂ ಒಟ್ಟಿಗೆ ದಬದಬ ಕುಟ್ಟಿದರು. ಸದ್ದಿಲ್ಲ. ಇನ್ನಷ್ಟು ಜೋರಾಗಿ ಕುಟ್ಟಿದರು. ಮಂಜಿನೊಳಗೆ ಒನಕೆಯ ಪೆಟ್ಟು ಬಿಟ್ಟರೆ ಬೇರೇನೂ ಕೇಳಲಿಲ್ಲ. ಪೆಟ್ಟಿಗೆಯ ಹತ್ತಿರ ಯಾರೂ ಇರಲಿಲ್ಲ. ಸುಲೋಚನಮ್ಮನ ಒನಕೆ ಕೈಜಾರಿತು.

“ಅವ್ವಾ! ಮತ್ತೆ ಬಾಯಿ ಕಟ್ಬುಡ್ತಲ್ಲ!”

ಶಾಹೀನ್ ಎಲ್ಲರನ್ನೂ ಐದು ನಿಮಿಷ ಹಾಗೇ ಕಾಯಿಸಿದಳು.

“ಅಕ್ಕ, ಈಗ ಮುಟ್ಟಿ.”

ಈರಮ್ಮ ಮುಟ್ಟಿದಳು. ಬೆಂಕಿ ತಾಕಿದವಳಂತೆ ಕೈ ಹಿಂದೆಗೆದಳು. “ಬೆಚ್ಚಗೈತೆ...”

“ಆರಿಸಿದ ಯಂತ್ರ ತಣ್ಣಗಿರ್ತದೆ,” ಎಂದಳು ಶಾಹೀನ್. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ಅಂಗಡಿಗೆ ಹ್ಯಾಂಗ್ ಆದ ಫೋನ್ ತರ್ತಾರೆ. ಪರದೆ ಸತ್ತಿರ್ತದೆ, ಮೈ ಕಾದಿರ್ತದೆ. ಒಳಗೆ ಅದು ಸುಮ್ಮನೆ ಕೂತಿರಲ್ಲ, ಸಿಗದೇ ಇರೋದಕ್ಕೆ ಒದ್ದಾಡ್ತಿರ್ತದೆ. ಇದು ಯಾವುದಕ್ಕೆ ಒದ್ದಾಡ್ತಿದೆ, ಸಾರ್? ಮಧ್ಯದಲ್ಲಿ ನಿಂತಿರೋದು ಬರೆಯೋ ಕೆಲಸ. ಬರೆಯೋಕೆ ಏನಾದ್ರೂ ಬೀಗ ಇಟ್ಟಿದ್ದೀರಾ?”

ಮಹೇಶ್ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟ.

“ಇಟ್ಟಿದ್ದೇನೆ. ಒಬ್ರು ಬರೆಯುವಾಗ ಇನ್ನೊಬ್ರು ಕೈಹಾಕಿ ಸಾಲು ಕಲಸಿಹೋಗಬಾರದು ಅಂತ. ಕರ್ನಲ್ ಅಂತ ಇರ್ತದೆ, ಯಂತ್ರದ ಎಲ್ಲ ಕೆಲಸ ಹಂಚೋ ತಳದ ಪ್ರೋಗ್ರಾಂ. ಹೆಜ್ಜೆ ಬಿದ್ದ ತಕ್ಷಣ ಅದು ಕೈಲಿರೋ ಕೆಲಸ ಅಲ್ಲಿಗೇ ನಿಲ್ಲಿಸಿ ಹೆಜ್ಜೆ ಕಡೆ ಓಡ್ತದೆ. ಹೆಜ್ಜೆನೂ ಬರ್ಕೋಬೇಕು...”

ಶಾಹೀನ್ ಮಾಮನ ಕೈಗೆ ಪೆನ್ ಕೊಟ್ಟು, ಅದೇ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಮಾಮೂ, ನೀವು ಒಂದನೇ ಹೆಜ್ಜೆ ಬರೀತಿದ್ದೀರಿ. ಅಷ್ಟರಲ್ಲಿ ಎರಡನೇ ಹೆಜ್ಜೆ ಬಿತ್ತು, ನಾನು ಬಂದು ನಿಮ್ಮ ಕೈ ತಡೆದೆ. ನಂಗೂ ಬರೀಬೇಕು. ಪೆನ್ ಕೊಡಿ, ಬರೆದು ಕೈ ಬಿಡ್ತೀನಿ.”

“ಏ ಹುಡುಗಿ, ಕೈ ಬಿಟ್ರೆ ತಾನೆ ಸಾಲು ಮುಗ್ಸಿ ಪೆನ್ ಕೊಡೋದು!”

“ಪೆನ್ ಸಿಗದೆ ಬಿಡಲ್ಲ.”

“ಹಂಗಾದ್ರೆ ಇಬ್ರೂ ಹಿಂಗೇ ನಿಂತಿರ್ಬೇಕು, ಕಯಾಮತ್ ತನಕ!”

ಶಾಹೀನ್ ಮಾಮನ ಕೈ ಬಿಟ್ಟಳು.

“ಒಂಟಿ ಆನೆ ಆದ್ರೆ ಒಂದು ಹೆಜ್ಜೆ ಬರೆದಾದ ಮೇಲೆ ಇನ್ನೊಂದು ಬೀಳ್ತದೆ,” ಎಂದಳು ಶಾಹೀನ್. “ಮೂರು ಹೆಜ್ಜೆ ಎಣಿಸಿ ಕೂಗ್ತದೆ. ಹಿಂಡು ಬಂದ್ರೆ ಬರೆಯುವಾಗಲೇ ಎರಡನೇದು ಬೀಳ್ತದೆ. ಮೂರರ ತನಕ ಹೋಗೋದೇ ಇಲ್ಲ. ಬೋರಯ್ಯನವ್ರನ್ನ ಕೊಂದದ್ದು ಕೀಲಿ ಅಲ್ಲ, ಮಂತ್ರನೂ ಅಲ್ಲ. ಹೆಜ್ಜೆ ಬಿದ್ದಾಗಲೇ ಬರ್ಕೋ ಅನ್ನೋ ಒಂದು ಸಾಲು.”

“ಆ ಸಾಲು ನಾನೇ ಸೇರಿಸಿದ್ದು,” ಎಂದ ಮಹೇಶ್. “ಎಂದಾದ್ರೂ ಕೂಗದಿದ್ರೆ ಕಾರಣ ಗೊತ್ತಾಗಲಿ ಅಂತ ಮೊದಲಿಂದಾನೇ ಎಲ್ಲಾ ಬರೆಸಿದೆ. ಪರೀಕ್ಷೆ ಮಾಡಿದ್ದು ಒಂಟಿ ಆನೆ ಮೇಲೆ. ತಪ್ಪು ನನ್ನದು. ನಾಳೆ ಠಾಣೆಗೆ ನಾನೇ ಹೋಗಿ ಹೇಳ್ತೇನೆ.”

ಮಹಾದೇವಯ್ಯ ಜೇಬಿನಿಂದ ಮಡಿಸಿದ ದೂರಿನ ಕಾಗದ ತೆಗೆದು ಹರಿದ. ನಂಜುಂಡನ ಕಡೆ ನೋಡಲು ಅವನಿಗೆ ಆಗಲಿಲ್ಲ.

“ಸರಿ ಮಾಡೋಕೆ ಬರ್ತದೇನಪ್ಪ?” ಈರಮ್ಮ ಮಹೇಶನನ್ನು ಕೇಳಿದಳು.

“ಬರ್ತದಮ್ಮ. ಹೆಜ್ಜೆ ಬಿದ್ದಾಗ ಬೀಗ ಕೇಳಲೇಬಾರದು. ಪಕ್ಕದ ಚೀಟಿಲಿ ಗೀಚಿಟ್ಟು ಮುಂದಕ್ಕೆ ಹೋಗ್ಬೇಕು. ಬಿಡುವಾದಾಗ ಪುಸ್ತಕಕ್ಕೆ ಇಳಿಸ್ಬೇಕು.”

“ಅಷ್ಟೇ ಕಣಪ್ಪ. ಮೊದ್ಲು ಕೂಗ್ಲಿ. ಆಮೇಲೆ ಬರ್ಕಳ್ಲಿ.”

ಮಧ್ಯಾಹ್ನದ ಹೊತ್ತಿಗೆ ಹೊಸ ಪ್ರೋಗ್ರಾಂ ಹಾಕಿ, ನಾಲ್ಕು ಒನಕೆಯಿಂದ ಮತ್ತೆ ಕುಟ್ಟಿಸಿದರು. ಸೈರನ್ ಗುಡ್ಡದಿಂದ ಗುಡ್ಡಕ್ಕೆ ಕೂಗಿತು. ಎಲ್ಲರೂ ಕಿವಿ ಮುಚ್ಚಿಕೊಂಡರು, ಈರಮ್ಮ ಮುಚ್ಚಲಿಲ್ಲ. ಈ ಕೂಗು ಅಂದು ಕೇಳಿದ್ದರೆ ಗಂಡ ತಿರುಗಿ ಬರುತ್ತಿದ್ದ ದಾರಿಯನ್ನೇ ನೋಡುತ್ತಿದ್ದಳು.

ಕೂಗು ನಿಂತಿತು.

“ಅಂಗಾದ್ರೆ ಅವ್ರು ಇದ್ರೊಳಗೆ ಇರ್ಲಿಲ್ವೇನವ್ವ?”

ಶಾಹೀನ್ ಇಲ್ಲವೆಂದು ತಲೆಯಾಡಿಸಿದಳು.

ಈರಮ್ಮ ಆಗ ಅತ್ತಳು. ಕೆಳಗೆ ಕೂರುವಾಗ ಅವಳು ಹಿಡಿದುಕೊಂಡದ್ದು ತಮ್ಮನ ತೋಳನ್ನು.