ಕೆಂಪು ಚುಕ್ಕೆಯ ಮ್ಯಾಗಜಿನ್

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮಸ್ಕತ್ತಿನ ಸೀಬ್ ಠಾಣೆಗೆ ದೂರು ಬಂತು. ಶೂಟಿಂಗ್ ಕ್ಲಬ್ಬಿನ ಪಂದ್ಯದಲ್ಲಿ ಸೆಮಿ ಆಟೊಮ್ಯಾಟಿಕ್ ರೈಫಲ್ಲೊಂದರ ಮ್ಯಾಗಜಿನ್, ಅಂದರೆ ಗುಂಡು ತುಂಬುವ ಪೆಟ್ಟಿಗೆ, ಮೊದಲ ಗುಂಡಿಗೇ ಕಳಚಿ ಬಿದ್ದಿದೆ. ಯಾರಿಗೂ ಗಾಯವಿಲ್ಲ. ಆದರೆ ಒಮಾನಿನಲ್ಲಿ ಬಂದೂಕಿನ ತಂಟೆಯೆಂದರೆ ಹಜರ್ ಪರ್ವತವೇ ಎದ್ದು ಠಾಣೆಗೆ ನಡೆದು ಬಂದಂತೆ.

ಇನ್‌ಸ್ಪೆಕ್ಟರ್ ಹಮದ್ ಹೊರಟರು. ಜೊತೆಗೆ ದುಭಾಷಿ ಇಸುಬು, ಉಳ್ಳಾಲದ ಬ್ಯಾರಿ. ಅವನು ಒಂದು ದಿನ ರಜೆ ಹಾಕಿದರೆ ಮಸ್ಕತ್ತಿನ ಪೊಲೀಸರೆಲ್ಲ ಮೂಕರಾಗುತ್ತಾರೆಂದು ಅವನೇ ಊರಿಗೆಲ್ಲ ಹೇಳಿದ್ದ.

ಕ್ಲಬ್ಬಿನ ಆಯುಧ ಕೋಣೆಯಲ್ಲಿ ಇಬ್ಬರಿದ್ದರು. ಕ್ಲಬ್ಬಿನ ಗೋಡೆಗಳಿಗಿಂತ ಹಳಬ, ಇಸುಬುವಿನ ಊರ ಕಡೆಯವನೇ ಆದ ಆಲ್ಫ್ರೆಡ್. ಮುಂದಿನ ತಿಂಗಳು ಅವನ ಕುರ್ಚಿಗೆ ಬರಲಿದ್ದ ಒಮಾನಿ ಯುವಕ ಬದ್ರ್. ಅಲ್ಲಿ ಎರಡು ಕಂಪನಿಯ ರೈಫಲ್‌ಗಳು. ಮ್ಯಾಗಜಿನ್‌ಗಳು ನೋಡಲು ಅವಳಿ ಜವಳಿ. ಒಂದರದ್ದು ಇನ್ನೊಂದರೊಳಗೆ ಹೋಗುತ್ತದೆ, ಆದರೆ ಕೊಂಡಿ ಹಿಡಿಯುವುದಿಲ್ಲ. ಅದಕ್ಕೇ ಆಲ್ಫ್ರೆಡ್ ಹೆಂಡತಿಯ ನೇಲ್ ಪಾಲಿಶ್ ತಂದು ಚುಕ್ಕೆ ಇಡುತ್ತಿದ್ದ. ಒಂದು ಕಂಪನಿಗೆ ಕೆಂಪು, ಇನ್ನೊಂದಕ್ಕೆ ನೀಲಿ.

"ಇದನ್ನು ಕೊಟ್ಟದ್ದು ಯಾರು?" ಹಮದ್ ಕೇಳಿದರು.

"ನಾನು ಸರ್. ಕೆಂಪು ನೋಡಿಯೇ ಕೊಟ್ಟೆ," ಎಂದ ಬದ್ರ್.

"ಹುಡುಗ ಹೊಸಬ ಸರ್, ಕಲೀತಾನೆ," ಎಂದ ಆಲ್ಫ್ರೆಡ್.

ಪಂಚನಾಮೆ ಶುರುವಾಯಿತು. ಹಮದ್ ಉಗುರಿನಿಂದ ಚುಕ್ಕೆ ಕೆರೆದರು. ಕೆಂಪಿನಡಿ ನೀಲಿ ಇಣುಕಿತು.

"ಬೀಗದ ಕೈ ಯಾರ ಬಳಿ?"

"ನಮ್ಮಿಬ್ಬರಲ್ಲಿ ಮಾತ್ರ," ಎಂದ ಬದ್ರ್.

"ಕೊಟ್ಟವನು ನೀನು. ಜೀಪು ಹತ್ತು."

ಬದ್ರ್‌ನ ಮುಖ ಸುಣ್ಣದಂತಾಯಿತು. ಕೆಲಸ ಹೋಗುವುದಿರಲಿ, ಜೈಲೇ ಗತಿ.

ಇಸುಬು ಮಾತ್ರ ಬಗ್ಗಿ ಚುಕ್ಕೆ ನೋಡುತ್ತಿದ್ದ. ಬಾಯಿ ಮುಚ್ಚಿಕೊಂಡಿರುವುದು ಅವನ ಜಾತಕದಲ್ಲೇ ಇರಲಿಲ್ಲ. "ಕೆಂಪಿನೊಳಗಿನ ಈ ಚಿನ್ನದ ಮಿನುಗು ಇಡೀ ಗಲ್ಫಿನಲ್ಲಿ ಸಿಗುವುದಿಲ್ಲ ಸರ್. ಊರಿನ ಹಂಪನಕಟ್ಟೆಯಿಂದ ನಾನೇ ತಂದದ್ದು, ಒಂದೇ ಬಾಟ್ಲಿ..."

ಹಮದ್ ತಲೆಯೆತ್ತಿದರು.

"ಯಾರಿಗೆ ತಂದೆ?"

ಇಸುಬು ಆಲ್ಫ್ರೆಡ್‌ನನ್ನು ನೋಡಿದ. ಎಷ್ಟೋ ಶುಕ್ರವಾರ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಸುಳ್ಳು ಹೇಳಬೇಕೆಂದರೆ ಇಸುಬುವಿಗೆ ಭಾಷೆಗಳಿಗೇನು ಬರಗಾಲ? ಆದರೆ ಬಾಗಿಲಲ್ಲಿ ಬದ್ರ್ ನಿಂತಿದ್ದ, ತನ್ನ ಮಗ ಫಾಹಿಮ್‌ನ ಪ್ರಾಯದವನು.

"ಯಾರಿಗೆ, ಇಸುಬು?"

"ಇವರ ಹೆಂಡತಿ ರೋಸಲಿಂಡ್‌ಗೆ. ಹೋದ ವಾರ."

ಮಧ್ಯಾಹ್ನ ಅಲ್ ಹೈಲ್ ಬಡಾವಣೆಯ ಆಲ್ಫ್ರೆಡ್‌ನ ಮನೆಯಲ್ಲಿ ಬಾಟ್ಲಿ ಜಪ್ತಿಯಾಯಿತು. ಠಾಣೆಯಲ್ಲಿ ಆಲ್ಫ್ರೆಡ್, ಹೇಳಿಕೆ ಕನ್ನಡದಲ್ಲೇ ಕೊಡುತ್ತೇನೆ, ಅನುವಾದಕ್ಕೆ ಇಸುಬುವೇ ಕೂರಲಿ ಎಂದ.

"ಎಂತ ಪೊರ್ಬುಗಳೇ ಇದು?" ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವಂತೆಯೇ ಕರೆದು ಕೇಳಿದ ಇಸುಬು.

"ಒಂದು ಪಂದ್ಯ ಕೆಟ್ಟರೆ ನನ್ನನ್ನು ಇನ್ನೊಂದು ವರ್ಷ ಇಟ್ಕೊಳ್ತಾರೆ ಅಂತ ಎಣಿಸಿದೆ."

"ಹುಡುಗ ಒಳಗೆ ಹೋಗ್ತಿದ್ದ."

"ಬೈದು ಬಿಡ್ತಾರೆ ಅಂದ್ಕೊಂಡೆ. ಜೀಪು ಬರ್ತದೆ ಅಂತ ಗೊತ್ತಿರ್ಲಿಲ್ಲ." ಆಲ್ಫ್ರೆಡ್ ಆಯುಧ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. "ನಾನಿಲ್ಲದೆಯೂ ಎಲ್ಲ ಸರಿಯಾಗಿ ಕೂರ್ತದೆ ಅನ್ನೋದನ್ನು ತಡ್ಕೊಳ್ಲಿಕ್ಕೆ ಆಗ್ಲಿಲ್ಲ, ಬ್ಯಾರಿಗಳೇ."

ಇಸುಬು ಇದ್ದದ್ದನ್ನು ಇದ್ದಂತೆ, ಒಂದು ಮಾತೂ ಸೇರಿಸದೆ, ಅರಬಿಯಲ್ಲಿ ಹೇಳಿದ. ಹಮದ್ ಪೆನ್ನು ಎತ್ತಿ ಕಾದರು. ಇಸುಬುವಿನ ಅನುವಾದ ಯಾವಾಗಲೂ ಮೂಲದ ಮೂರು ಪಟ್ಟು ಇರುತ್ತಿತ್ತು.

"ಅಷ್ಟೇ ಹೇಳಿದನಾ?"

"ಅಷ್ಟೇ ಸರ್."

ನಾಲ್ಕು ಗಂಟೆಗೆ ಆಲ್ಫ್ರೆಡ್‌ನ ಬಂಧನವೆಂದು ಹಮದ್ ಬರೆದುಕೊಂಡರು.